ನಾಲ್ಕು ಕಂಪ್ಯೂಟರ್, ಒಂದೇ ಜ್ವರ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಏಳು ನಿಮಿಷಕ್ಕೆ ನನ್ನ ಹೆಂಡತಿ ವತ್ಸಲಾ ‘ಆ’ ಎಂದು ಬಾಯಿ ತೆರೆದಳು. ತೆರೆದ ಬಾಯಿ ಹನ್ನೊಂದು ನಿಮಿಷ ಹಾಗೇ ಇತ್ತು.

ಗಾಬರಿಯಾಗಬೇಡಿ. ಬಾಯಿ ಹಾಗೆ ನಿಂತದ್ದು ಏಳು ಮಕ್ಕಳ ಮನೆಯ ಪರದೆಗಳ ಮೇಲೆ. ಇತ್ತ ನಮ್ಮ ಮನೆಯಲ್ಲಿ ಅವಳು ‘ಆನೆ’ ಮುಗಿಸಿ ‘ಇಲಿ’ಯ ಚೀಟಿ ಎತ್ತಿ ಹಿಡಿದಿದ್ದಳು. ಅತ್ತ ಕಡೆ ಯಾರೂ ಇಲಿಯನ್ನು ನೋಡಲಿಲ್ಲ. ಮಕ್ಕಳಲ್ಲೊಬ್ಬಳ ತಾಯಿ, ಪುರಸೈವಾಕ್ಕಂನ ಸುಧಾ ಎಂಬುವರು, ಆ ತೆರೆದ ಬಾಯಿಯ ಚಿತ್ರವನ್ನೇ ವಾಟ್ಸಾಪಿನಲ್ಲಿ ಕಳಿಸಿದರು. ಕೆಳಗೆ ಒಂದು ಸಾಲು: ‘ಮೇಡಂ, ಇದು ಮೂರನೇ ಭಾನುವಾರ.’

ಮದರಾಸಿನ ಕನ್ನಡ ಮನೆಗಳ ಮಕ್ಕಳು ಹೇಗೆಂದು ನಿಮಗೆ ಗೊತ್ತೇ ಇದೆ. ‘ಊಟ ಆಯ್ತಾ?’ ಎಂದರೆ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ, ‘ಸಾಪ್ಟಾಚು’ ಎಂದೇ ಬರುತ್ತದೆ. ಅಂಥ ಏಳು ಮಕ್ಕಳಿಗೆ ವತ್ಸಲಾ ನಾಲ್ಕು ವರ್ಷಗಳಿಂದ ವಾರಕ್ಕೊಂದು ಗಂಟೆ ಕನ್ನಡ ಕಲಿಸುತ್ತಾಳೆ. ಮಂಡಿನೋವು ಬಂದ ಮೇಲೆ ಹೊರಗೆ ಹೋಗಿ ಕಲಿಸುವುದು ನಿಂತಿತು. ಕಂಪ್ಯೂಟರಿನಲ್ಲಿ ಕಲಿಸುವುದು ಶುರುವಾಯಿತು. ಸಂಬಳವಿಲ್ಲ, ಸರ್ಟಿಫಿಕೇಟ್ ಇಲ್ಲ. ಆದರೆ ಶನಿವಾರವಿಡೀ ಚೀಟಿಗಳಲ್ಲಿ ಚಿತ್ರ ಬರೆದು ಬಣ್ಣ ಹಚ್ಚುತ್ತಾಳೆ. ಮುಖ ನೋಡಬೇಕು ನೀವು ಆಗ!

ಆ ದಿನ ಸಂಜೆ ಸುಧಾ ಫೋನ್ ಮಾಡಿದರು. ‘ತಪ್ಪು ತಿಳ್ಕೋಬೇಡಿ ಮೇಡಂ. ಇಬ್ಬರು ಮಕ್ಕಳ ಮನೇವ್ರು ಕನ್ನಡ ಕಲಿಸೋ ಯಾವುದೋ ಆ್ಯಪ್‌ಗೆ ಸೇರಿಸ್ತೀವಿ ಅಂತಿದ್ದಾರೆ. ಬರೋ ವಾರಾನೂ ಹೀಗೇ ಆದ್ರೆ ಉಳಿದೋರ್ನ ಹಿಡಿಯೋದು ಕಷ್ಟ.’

ವತ್ಸಲಾ ‘ಸರಿಯಮ್ಮ’ ಎಂದಳು. ಫೋನಿಟ್ಟ ಮೇಲೆ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನ ಮೇಲಿನ ಖಾನೆಯಲ್ಲಿಟ್ಟಳು. ನಮ್ಮ ಮನೆಯಲ್ಲಿ ಆ ಖಾನೆಗೆ ಹೋದದ್ದು ಕೆಳಗಿಳಿಯುವುದು ಅಪರೂಪ.

ಇನ್ನು ನನ್ನ ವಿಷಯ.

ನಾನು ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದವನು. ಅದೂ ಟೈಮ್‌ಟೇಬಲ್ ತಯಾರಿಸುವ ವಿಭಾಗದಲ್ಲಿ. ಯಾವ ಗಾಡಿ ಯಾವ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂದು ಬರೆದು ಬರೆದು ಸವೆದವನು. ನಿವೃತ್ತನಾದ ಮೇಲೆ ಗಾಡಿಗಳು ಕೈತಪ್ಪಿದವು. ಮನೆ ಉಳಿಯಿತು. ಐದಕ್ಕೆ ಏಳುವುದು, ಆರಕ್ಕೆ ಕಾಫಿ, ಏಳರಿಂದ ಹತ್ತರವರೆಗೆ ನನ್ನ ಕಂಪ್ಯೂಟರಿನ ಮುಂದೆ ಓದು, ಬರಹ (ಈ ಅಂಕಣವೂ ಅಲ್ಲೇ ಹುಟ್ಟುವುದು), ಹತ್ತಕ್ಕೆ ಸರಿಯಾಗಿ ಚೀಲ ಹಿಡಿದು ತರಕಾರಿಗೆ, ಹನ್ನೊಂದೂವರೆಗೆ ವಾಪಸು. ಭಾನುವಾರಕ್ಕೂ ವಿನಾಯಿತಿ ಇಲ್ಲ.

ಪೆರಂಬೂರಿನ ನಮ್ಮ ಮನೆಯಲ್ಲಿ ನಾಲ್ಕು ಕಂಪ್ಯೂಟರ್‌ಗಳಿವೆ. ನನ್ನದೊಂದು. ವತ್ಸಲಾಳ ಹಳೆಯ ಲ್ಯಾಪ್‌ಟಾಪ್ ಒಂದು. ಸೊಸೆ ಕವಿತಾಳದು ಇನ್ನೊಂದು. ಅವಳು ಮನೆಯಲ್ಲೇ ಕುಳಿತು ಶಾಲಾ ಪುಸ್ತಕಗಳ ಪ್ರೂಫ್ ತಿದ್ದುತ್ತಾಳೆ. ನಾಲ್ಕನೆಯದು ಏಳನೇ ಕ್ಲಾಸಿನ ಮೊಮ್ಮಗಳು ಅನುವಿನದು. ನಾಲ್ಕರ ಆರೋಗ್ಯಾಧಿಕಾರಿ ನಾನೇ. ಯಾರೂ ನೇಮಿಸಿದ್ದಲ್ಲ.

ಮೂರು ತಿಂಗಳಿನಿಂದ ಈ ಯಂತ್ರಗಳಿಗೆ ಏನೋ ಹಿಡಿದಿತ್ತು. ಕೆಲಸದ ನಡುವೆ ಇದ್ದಕ್ಕಿದ್ದಂತೆ ಪರದೆ ಮರಗಟ್ಟುತ್ತಿತ್ತು. ಮೌಸ್ ಅಲ್ಲಾಡದು, ಕೀಲಿ ಒತ್ತಿದರೆ ಕೇಳದು. ಬಟನ್ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಿದರೆ ಹತ್ತು ನಿಮಿಷ ನಡೆದು ಮತ್ತೆ ಮರಗಟ್ಟುತ್ತಿತ್ತು. ಕವಿತಾ ತಮಿಳು ಮನೆಯ ಹುಡುಗಿ. ಮದುವೆಯಾದ ಮೇಲೆ ಕನ್ನಡ ಕಲಿತವಳು. ಕೋಪ ಬಂದಾಗ ಎರಡೂ ಭಾಷೆ ಒಟ್ಟಿಗೆ ಬರುತ್ತವೆ.

‘ಮಾಮಾ, ಮತ್ತೆ ಹ್ಯಾಂಗ್ ಆಯ್ತು. ನಲವತ್ತು ಪೇಜ್ ಪೋಚ್ಚು!’

ನಾನು ಸುಮ್ಮನಿರುವವನೇ? ಪ್ರತಿ ಯಂತ್ರಕ್ಕೂ ಒಂದು ನೋಟ್‌ಬುಕ್ ತೆರೆದೆ. ದಿನಾಂಕ, ಸಮಯ, ರೋಗಲಕ್ಷಣ, ಕೈಗೊಂಡ ಕ್ರಮ. ದಿನಾ ನಾಲ್ಕು ಗಂಟೆಗೆ ಕಾಫಿಯಾದ ಮೇಲೆ ತಪಾಸಣೆ. ನಾಲ್ಕು ಗಂಟೆಗೆ ಕುಳಿತು ನೋಡಿದರೆ ಎಲ್ಲ ಯಂತ್ರಗಳೂ ಕುದುರೆಯ ಹಾಗೆ ಓಡುತ್ತಿದ್ದವು! ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದೆ. (ಸಹಿ ಯಾಕೆ ಎಂದು ಕೇಳಬೇಡಿ. ಸಹಿ ಇಲ್ಲದ ಬರಹ ನನಗೆ ಬರಹವೇ ಅಲ್ಲ.)

ಆದರೂ ಪ್ರಯತ್ನ ಬಿಡಲಿಲ್ಲ. ಧೂಳಿರಬಹುದೆಂದು ಬಿಚ್ಚಿ ಊದಿದೆ. ಸಮುದ್ರದ ಉಪ್ಪುಗಾಳಿ ಇರಬಹುದೆಂದು ಕಿಟಕಿ ಮುಚ್ಚಿಸಿದೆ. ಮದರಾಸಿನ ಸೆಖೆಯಲ್ಲಿ ಕಿಟಕಿ ಮುಚ್ಚಿಸಿದವನನ್ನು ಮನೆಯವರು ಹೇಗೆ ನೋಡುತ್ತಾರೆಂದು ವಿವರಿಸಬೇಕೆ? ಒಂದು ಯಂತ್ರಕ್ಕೆ ಮೆಮೊರಿ ಹೆಚ್ಚಿಸಿದೆ. ವೈರಸ್ ಇರಬಹುದೆಂದು, ಇದ್ದ ಆ್ಯಂಟಿವೈರಸ್ ಜೊತೆಗೆ ಇನ್ನೊಂದನ್ನೂ ಕೂರಿಸಿದೆ. ಒಂದಕ್ಕೆ ಮಾಡಿದ ಉಪಚಾರ ನಾಲ್ಕಕ್ಕೂ. ಒಬ್ಬರಿಗೆ ಜ್ವರ ಬಂದರೆ ಮನೆಮಂದಿಗೆಲ್ಲ ಮಾತ್ರೆ. ಆಫೀಸಿನಲ್ಲಿ ಕಲಿತ ಪಾಠ ಅದು: ನಿಯಮ ಎಂದರೆ ಎಲ್ಲರಿಗೂ ಒಂದೇ.

ಅಷ್ಟಾದರೂ ಕೆಡುತ್ತಿದ್ದದ್ದು ಅವರ ಮೂರು ಮಾತ್ರ. ನನ್ನದು ಒಂದು ದಿನವೂ ನಿಂತಿರಲಿಲ್ಲ.

‘ನಿಮ್ಮದು ಮಾತ್ರ ಯಾಕೆ ಕೆಡಲ್ಲ?’ ಎಂದು ವತ್ಸಲಾ ಕೇಳಿದ್ದಳು.

‘ಶಿಸ್ತಿನಿಂದ ಬಳಸ್ತೀನಿ’ ಎಂದಿದ್ದೆ. ‘ನೀವುಗಳು ಸಿಕ್ಕಿದ್ದೆಲ್ಲ ಒತ್ತುತ್ತೀರಿ.’

ಈಗ ಆ ಮಾತು ನೆನೆದರೆ ಕಿವಿ ಬಿಸಿಯಾಗುತ್ತದೆ.

ಸುಧಾ ಫೋನ್ ಮಾಡಿದ ವಾರದ ಶನಿವಾರ ವತ್ಸಲಾ ಬಂದು ನನ್ನ ಮೇಜಿನ ಪಕ್ಕ ನಿಂತಳು.

‘ನಾಳೆ ಹತ್ತು ಗಂಟೆಗೆ ನಿಮ್ಮ ಕಂಪ್ಯೂಟರ್ ಬೇಕು ನನಗೆ.’

‘ತಗೋ. ಹತ್ತಕ್ಕೆ ನನ್ನ ಕೆಲಸ ಮುಗಿಯುತ್ತಲ್ಲ.’

‘ನೀವೂ ಪಕ್ಕದಲ್ಲಿ ಕೂತ್ಕೋಬೇಕು.’

‘ತರಕಾರಿ?’

‘ಒಂದು ದಿನ ಹುಳಿ ಬೇಡ ರೀ, ಗೊಜ್ಜು ಮಾಡ್ತೀನಿ. ಇದು ಕೊನೇದು. ನಾಳೆ ಆಗದಿದ್ರೆ ಕ್ಲಾಸ್ ಸಾಕು ಅಂತ ನಾನೇ ಹೇಳ್ಬಿಡ್ತೀನಿ. ಪಾಪ, ಆ ಸುಧಾ ಎಷ್ಟು ಸಲ ಅಂತ ನನ್ನ ಪರ ಮಾತಾಡ್ತಾಳೆ?’

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ನಲವತ್ತೆರಡು ವರ್ಷ ಸಂಸಾರ ಮಾಡಿದವನಿಗೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದ್ದನ್ನು ಅವಳು ಮಾಡಿಯೇ ತೀರುತ್ತಾಳೆ ಎಂದು ಗೊತ್ತಿರುವುದಿಲ್ಲವೆ?

ಭಾನುವಾರ ಬಂತು. ಚೀಟಿಗಳು ಮೇಲಿನ ಖಾನೆಯಿಂದ ಇಳಿದು ಬಂದವು. ಹತ್ತಕ್ಕೆ ಎರಡು ನಿಮಿಷ ಇರುವಾಗಲೇ ಏಳು ಮಕ್ಕಳೂ ಪರದೆಯ ಮೇಲೆ ಹಾಜರ್. ನನ್ನ ಯಂತ್ರದಲ್ಲಿ ಚಿತ್ರ ಕನ್ನಡಿಯಂತೆ ಸ್ವಚ್ಛ. ನಾನು ಪಕ್ಕದಲ್ಲಿ, ಕೈಕಟ್ಟಿ, ಗತ್ತಿನಿಂದ.

ಹತ್ತು ಗಂಟೆ ಹೊಡೆಯಿತು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಎದ್ದಿತು: ಸ್ಕ್ಯಾನ್ ಆರಂಭವಾಗಿದೆ. ಅದರ ಮೇಲೆ ಇನ್ನೊಂದು: ಎರಡನೇ ಆ್ಯಂಟಿವೈರಸ್‌ನ ಸ್ಕ್ಯಾನ್ ಆರಂಭವಾಗಿದೆ. ಅದರ ಮೇಲೆ ಮೂರನೆಯದು: ಬ್ಯಾಕಪ್ ಆರಂಭವಾಗಿದೆ. ಯಂತ್ರದ ಫ್ಯಾನು ಮಿಕ್ಸಿಯ ಹಾಗೆ ಸದ್ದು ಮಾಡತೊಡಗಿತು.

ನನ್ನ ಕೈಕಟ್ಟು ತಾನಾಗಿ ಸಡಿಲವಾಯಿತು.

ಹತ್ತು ಗಂಟೆ ಆರು ನಿಮಿಷ. ಎಲ್ಲವೂ ನಿಂತಿತು. ಶಿಸ್ತಿನಿಂದ ಬಳಸಿದ ನನ್ನ ಯಂತ್ರ!

ಅದೇ ಕ್ಷಣ ಒಳಗಿನ ಕೋಣೆಯಿಂದ ಕವಿತಾ: ‘ಮಾಮಾ! ಇಲ್ಲೂ ಹ್ಯಾಂಗ್!’ ಇನ್ನೊಂದು ಕಡೆಯಿಂದ ಅನು: ‘ತಾತಾ, ಇದುವುಂ ಸ್ಟಕ್ ಆಯಿಡುಚ್ಚು!’

ಮೂರು ಕೋಣೆ, ಮೂರು ಯಂತ್ರ, ಒಂದೇ ನಿಮಿಷ. ಅಷ್ಟು ದಿನ ನಾನು ಆ ಹೊತ್ತಿಗೆ ಸೊಪ್ಪಿನವಳ ಮುಂದೆ ನಿಂತು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿರುತ್ತಿದ್ದೆ. ವಾಪಸು ಬರುವಷ್ಟರಲ್ಲಿ ನನ್ನ ಯಂತ್ರ ಎಲ್ಲ ಕೆಲಸ ಮುಗಿಸಿ ಸಾಧುವಾಗಿ ಕೂತಿರುತ್ತಿತ್ತು. ನನ್ನ ನೋಟ್‌ಬುಕ್‌ಗಳಲ್ಲಿ ‘ಸಮಯ’ ಎಂಬ ಕಾಲಂನಲ್ಲಿ ನಾನು ಏನು ಬರೆದಿದ್ದೆ? ನಾಲ್ಕು ಗಂಟೆ. ನಾಲ್ಕು ಗಂಟೆ. ನಾಲ್ಕು ಗಂಟೆ. ಅದು ನಾನು ತಪಾಸಣೆ ಮಾಡಿದ ಸಮಯ. ರೋಗ ಬಂದ ಸಮಯವನ್ನು ಒಬ್ಬರನ್ನೂ ಕೇಳಿರಲಿಲ್ಲ. ಟೈಮ್‌ಟೇಬಲ್ ವಿಭಾಗದಲ್ಲಿ ತಲೆ ಬೆಳ್ಳಗಾದವನು!

ಆಗಿದ್ದು ಇಷ್ಟು. ಎರಡೂವರೆ ವರ್ಷದ ಹಿಂದೆ ನಾಲ್ಕು ಯಂತ್ರಗಳಿಗೂ ನಾನೇ ವೇಳಾಪಟ್ಟಿ ಹಾಕಿದ್ದೆ: ಸ್ಕ್ಯಾನು, ಬ್ಯಾಕಪ್ಪು, ಎಲ್ಲವೂ ದಿನಾ ಹತ್ತು ಗಂಟೆಗೆ. ಆಗ ಹತ್ತು ಗಂಟೆಗೆ ಮನೆಯಲ್ಲಿ ಯಾರೂ ಯಂತ್ರ ಮುಟ್ಟುತ್ತಿರಲಿಲ್ಲ. ಕವಿತಾ ಹೊರಗೆ ಕೆಲಸಕ್ಕೆ ಹೋಗುತ್ತಿದ್ದಳು, ಅನು ಇನ್ನೂ ಚಿಕ್ಕವಳು, ವತ್ಸಲಾಳ ಕ್ಲಾಸ್ ಶನಿವಾರ ಸಂಜೆ ಇತ್ತು. ಈ ಮೂರ್ನಾಲ್ಕು ತಿಂಗಳಲ್ಲಿ ಒಬ್ಬೊಬ್ಬರ ಹೊತ್ತೂ ಬದಲಾಯಿತು. ನನ್ನ ಪಟ್ಟಿ ಬದಲಾಗಲಿಲ್ಲ. ಮೇಲೆ ನಾನು ಕೂರಿಸಿದ ಎರಡನೇ ಆ್ಯಂಟಿವೈರಸ್ ಬೇರೆ, ಅದಕ್ಕೂ ಅದೇ ಹತ್ತು ಗಂಟೆ. ಒಂದೇ ಗೇಟಿಗೆ ಇಬ್ಬರು ವಾಚ್‌ಮನ್‌ಗಳನ್ನಿಟ್ಟರೆ ಏನಾಗುತ್ತದೆ? ಒಬ್ಬರನ್ನೊಬ್ಬರು ಕಳ್ಳ ಎಂದು ಹಿಡಿದುಕೊಳ್ಳುತ್ತಾರೆ. ಮನೆಯವರು ಒಳಗೆ ಹೋಗುವಂತಿಲ್ಲ.

ಇಷ್ಟೂ ಸಾಲದೆಂದು ಇನ್ನೊಂದು ನಿಯಮ ಹಾಕಿದ್ದೆ. ‘ತಪ್ಪಿದ ಕೆಲಸವನ್ನು ಯಂತ್ರ ಹಚ್ಚಿದ ಕೂಡಲೇ ಮಾಡತಕ್ಕದ್ದು.’ ತಡವಾದ ಗಾಡಿ ಓಡಲೇಬೇಕಲ್ಲ! ಹಾಗಾಗಿ ಇವರು ಆರಿಸಿ ಹಚ್ಚಿದಷ್ಟೂ ಸಲ ಅದು ಪಾಪ, ನಿಷ್ಠೆಯಿಂದ ಮೊದಲಿನಿಂದ ಶುರುಮಾಡುತ್ತಿತ್ತು.

ಇದೆಲ್ಲ ಹೊಳೆಯಲು ನನಗೆ ಅರ್ಧ ನಿಮಿಷ ಸಾಕಾಯಿತು. ಪಕ್ಕದಲ್ಲಿ ವತ್ಸಲಾ ಚೀಟಿಗಳನ್ನು ಕವರಿಗೆ ಹಾಕಲು ಶುರುಮಾಡಿದ್ದಳು.

ನಿಜ ಹೇಳುತ್ತೇನೆ, ‘ಕರೆಂಟಿನ ವೋಲ್ಟೇಜ್ ಸರಿಯಿಲ್ಲ’ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಯಾರೂ ಅಲ್ಲಗಳೆಯುತ್ತಿರಲಿಲ್ಲ.

‘ವತ್ಸಲಾ, ಎತ್ತಿಡಬೇಡ’ ಎಂದೆ. ‘ಯಂತ್ರದ್ದು ತಪ್ಪಿಲ್ಲ, ನಿನ್ನದೂ ಇಲ್ಲ. ಎಲ್ಲಾ ನಾನೇ ಮಾಡಿರೋದು. ಕವಿತಾ, ನಿನ್ನ ಫೋನ್ ತಾ!’

ಕವಿತಾ ಓಡಿ ಬಂದು ಫೋನಿನಲ್ಲೇ ಕ್ಲಾಸಿಗೆ ಸೇರಿಸಿ, ಅದನ್ನು ಪಾತ್ರೆಯೊಂದಕ್ಕೆ ಒರಗಿಸಿಟ್ಟಳು. ಏಳು ಮುಖಗಳು ಮತ್ತೆ ಕಂಡವು, ಬೆರಳಿನ ಉಗುರಿನಷ್ಟು. ಅವರ ಕಡೆ ಚೀಟಿಯ ಚಿತ್ರ ಸರಿಯಾಗಿ ಕಾಣುತ್ತಿರಲಿಲ್ಲ. ನಾನಷ್ಟರಲ್ಲಿ ಬ್ಯಾಕಪ್ ಡಿಸ್ಕಿನ ವೈರು ಹುಡುಕುತ್ತ ಮೇಜಿನ ಕೆಳಗೆ ನುಗ್ಗಿದ್ದೆ.

ವತ್ಸಲಾ ಒಂದು ಕ್ಷಣ ಯೋಚಿಸಿದಳು. ಫೋನನ್ನು ನನ್ನ ಕಡೆ ತಿರುಗಿಸಿದಳು.

‘ಮಕ್ಕಳೇ, ಇವತ್ತು ಚಿತ್ರ ಇಲ್ಲ. ತಾತ ಇದ್ದಾರೆ. ತಾತ ಎಲ್ಲಿದ್ದಾರೆ? ಕನ್ನಡದಲ್ಲಿ ಹೇಳ್ಬೇಕು.’

‘ಟೇಬಲ್ ಕೆಳಗೆ!’

‘ಟೇಬಲ್ಲಿಗೆ ಕನ್ನಡದಲ್ಲಿ?’

‘ಮೇಜು! ಮೇಜಿನ ಕೆಳಗೆ ಇದ್ದಾರೆ!’

‘ಏನು ಮಾಡ್ತಿದ್ದಾರೆ?’

‘ವೈರ್ ಎಳೀತಾರೆ.’ ‘ಇಲ್ಲ, ತಲೆ ಇಡ್ಕೊಂಡ್ರು!’

ನಾನು ತಲೆ ‘ಇಡ್ಕೊಂಡಿರಲಿಲ್ಲ’, ತಾಗಿಸಿಕೊಂಡಿದ್ದೆ. ಮೇಜಿನ ಅಂಚಿಗೆ, ಜೋರಾಗಿ. ತಮಿಳಿನ ‘ಇಡಿಚ್ಚುಕ್ಕಿಟ್ಟಾಂಗ’ ಎಂಬುದಕ್ಕೆ ಆ ಮಗು ಕನ್ನಡದ ಅಂಗಿ ತೊಡಿಸಿತ್ತು. ವತ್ಸಲಾ ನಗುತ್ತ ತಿದ್ದಿದಳು: ‘ತಲೆ ತಾಗಿಸ್ಕೊಂಡ್ರು.’ ಏಳು ಮಕ್ಕಳೂ ಒಟ್ಟಿಗೆ ‘ತಲೆ ತಾಗಿಸ್ಕೊಂಡ್ರು’ ಎಂದು ಮೂರು ಸಲ ಹೇಳಿದರು. ನನ್ನ ಗಾಯಕ್ಕೆ ಇಷ್ಟು ಶುದ್ಧ ಉಚ್ಚಾರಣೆಯ ಗೌರವ ಎಂದೂ ಸಿಕ್ಕಿರಲಿಲ್ಲ.

‘ತಾತನಿಗೆ ವೇರ್ಕುದು’ ಎಂದಿತು ಇನ್ನೊಂದು ಮಗು, ಬೆವರುತ್ತಿದೆ ಎಂಬುದನ್ನು ತಮಿಳಿನಲ್ಲೇ.

‘ಬೆವರು ಬರ್ತಿದೆ ಅನ್ನು. ಯಾಕೆ ಬೆವರು ಬರ್ತಿದೆ?’

ಸುಧಾ ಅವರ ಮಗಳು, ಅಷ್ಟು ದಿನ ಒಂದು ಪದಕ್ಕಿಂತ ಹೆಚ್ಚು ಕನ್ನಡ ಆಡದವಳು, ನಿಧಾನವಾಗಿ ಹೇಳಿದಳು: ‘ತಾತ... ಏನೋ... ತಪ್ಪು ಮಾಡಿದ್ದಾರೆ. ಅದಕ್ಕೇ.’

ಮೇಜಿನ ಕೆಳಗಿನಿಂದಲೇ ಕೈ ಎತ್ತಿ ಒಪ್ಪಿಕೊಂಡೆ.

ಕ್ಲಾಸ್ ಹನ್ನೊಂದೂಕಾಲರ ತನಕ ನಡೆಯಿತು. ಒಬ್ಬರೂ ಎದ್ದು ಹೋಗಲಿಲ್ಲ. ಕೊನೆಯಲ್ಲಿ ಸುಧಾ ಪರದೆಗೆ ಮುಖ ತೋರಿಸಿದರು. ‘ಮೇಡಂ, ಆ್ಯಪ್ ವಿಷಯ ನಾನು ಆ ಇಬ್ಬರ ಹತ್ರ ಮಾತಾಡ್ತೀನಿ. ಬರೋ ವಾರಾನೂ ತಾತ ಬರ್ತಾರಾ ಅಂತ ಇವಳು ಕೇಳ್ತಿದ್ದಾಳೆ.’

‘ಬರ್ತಾರೆ’ ಎಂದಳು ವತ್ಸಲಾ, ನನ್ನನ್ನು ಕೇಳದೆ.

ಆ ಮಧ್ಯಾಹ್ನವೇ ನಾಲ್ಕೂ ಯಂತ್ರಗಳಿಂದ ನನ್ನ ವೇಳಾಪಟ್ಟಿ ಕಿತ್ತು ಹಾಕಿದೆ. ಒಬ್ಬ ವಾಚ್‌ಮನ್‌ನನ್ನು ಮನೆಗೆ ಕಳಿಸಿದೆ. ಅವರವರ ಯಂತ್ರಕ್ಕೆ ಯಾವಾಗ ಬಿಡುವು ಎಂದು ಅವರವರನ್ನೇ ಕೇಳಿ ಬರೆದುಕೊಂಡೆ. ಅನು ‘ನನಗೆ ಪರೀಕ್ಷೆ ದಿನ ಬಿಡುವು’ ಎಂದಳು, ಅದನ್ನು ತಳ್ಳಿಹಾಕಿದೆ. ಮೂರು ವಾರವಾಯಿತು, ಯಾವುದೂ ಮರಗಟ್ಟಿಲ್ಲ. ಇಬ್ಬರಲ್ಲಿ ಒಬ್ಬರ ಮಗು ಆ್ಯಪ್‌ಗೆ ಹೋಗಿಯೇ ಹೋಯಿತು. ಆರು ಉಳಿದಿದ್ದಾರೆ.

ಹೋದ ಆ ಒಂದು ಮಗುವಿನ ಲೆಕ್ಕ ನನ್ನ ಮೇಲೆಯೇ ಎಂದು ನನಗೆ ಗೊತ್ತು. ಎಷ್ಟು ಮನೆಗಳಲ್ಲಿ ಹೀಗೆ ಹಿರಿಯರೊಬ್ಬರು ಎಂದೋ ಹಾಕಿದ ಪಟ್ಟಿ ಇವತ್ತಿಗೂ ಓಡುತ್ತಿರುತ್ತದೋ! ಊಟದ ಹೊತ್ತು, ಬಾಗಿಲು ಹಾಕುವ ಹೊತ್ತು, ಟಿವಿಯ ಹೊತ್ತು. ಹಾಕಿದವರು ಚೀಲ ಹಿಡಿದು ಹೊರಗೆ ಹೋಗಿರುತ್ತಾರೆ. ಸಿಕ್ಕಿಕೊಂಡವರು ಒಳಗೆ ಬಟನ್ ಒತ್ತುತ್ತಿರುತ್ತಾರೆ.

ಮೂರು ತಿಂಗಳು ನಾನು ಧೂಳನ್ನು ಅನುಮಾನಿಸಿದೆ, ಸಮುದ್ರವನ್ನು ಅನುಮಾನಿಸಿದೆ, ಕಟ್ಟಿಕೊಂಡ ಹೆಂಡತಿಯ ಬೆರಳುಗಳನ್ನೂ ಅನುಮಾನಿಸಿದೆ. ಆದರೆ ಗಡಿಯಾರ ನೋಡಿಕೊಂಡು ತಪ್ಪು ಮಾಡುವ ಮನುಷ್ಯನ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು, ನೀವೇ ಹೇಳಿ?