ಜೀಪಿನ ಕಾಕನ ಬಲಗೈ

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹನ್ನೊಂದೂ ನಲವತ್ತು. ಜೀಪಿನ ಕಾಕನ ಬಲಗೈ ಎಂದಿನಂತೆ ಬಾಗಿಲ ಮೇಲೆ ಒರಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಅದು ಬಿಸಿಲಿಗೆ ಎಷ್ಟು ಕಪ್ಪಾಗಿತ್ತೆಂದರೆ, ಎಡಗೈ ಪಕ್ಕದಲ್ಲಿಟ್ಟರೆ ಇಬ್ಬರ ಕೈಗಳಂತೆ ಕಾಣುತ್ತಿದ್ದವು. ಸಕಲೇಶಪುರದಿಂದ ಹಾನುಬಾಳಿಗೆ ದಿನವೂ ಸರ್ವಿಸ್ ಜೀಪು ಓಡಿಸಿ ಬಂದ ಬಣ್ಣ ಅದು.

ಆ ಕೈಗೆ ಅದರದೇ ಮಾತಿತ್ತು. ಅಂಗೈ ಕೆಳಗೆ ಮಾಡಿ ಗಾಳಿ ತಟ್ಟಿದರೆ, ಇರಿ, ನಿಲ್ಲಿಸುತ್ತೇನೆ ಎಂದು. ಬೆರಳನ್ನು ಒಂದು ಸುತ್ತು ತಿರುಗಿಸಿದರೆ, ಈಗ ಆಗುವುದಿಲ್ಲ, ಮುಂದಿನ ಟ್ರಿಪ್ಪಿನಲ್ಲಿ ಬರುತ್ತೇನೆ ಎಂದು. ಬೆರಳು ತಿರುಗಿತೆಂದರೆ ಜನ ಅಲ್ಲೇ ಮೋರಿಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ನಾನು ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಹಾಜರಿ ಬರೆಯುವುದು ಕೆಲಸ, ದಿನಚರಿ ಬರೆಯುವುದು ಅಭ್ಯಾಸ. ನಾಲ್ಕು ವರ್ಷ ಅವರ ಜೀಪಿನಲ್ಲಿ ಓಡಾಡಿದ್ದೇನೆ. ಕೈ ಅಡ್ಡ ಹಾಕಿದವರಿಗೆ ಅವರು ಉತ್ತರ ಕೊಡದೆ ಹೋದದ್ದನ್ನು ಅಂದಿನವರೆಗೆ ಕಂಡಿರಲಿಲ್ಲ.

"ಹತ್ತಿಸ್ಕಳ್ದಿದ್ರೂ ಪರವಾಗಿಲ್ಲ, ನೋಡ್ದಂಗೆ ಹೋಗ್ಬುಟ್ಟ ಅನ್ನಿಸ್ಕಬಾರ್ದು" ಎನ್ನುತ್ತಿದ್ದರು.

ಅಂದು ಜೀಪು ಎಫ್‌ಸಿ ಪರೀಕ್ಷೆಯಲ್ಲಿ ಫೇಲಾಗಿತ್ತು. ಬ್ರೇಕ್ ಪೂರ್ತಿ ಒತ್ತಿದರೂ ಹಿಂದಿನ ಚಕ್ರಗಳು ಸರಿಯಾಗಿ ಹಿಡಿಯುತ್ತಿರಲಿಲ್ಲ. ಪರೀಕ್ಷೆ ಮಾಡಿದವರು, ಜನರನ್ನು ಹತ್ತಿಸದೆ ನೇರ ಗ್ಯಾರೇಜಿಗೆ ಒಯ್ಯಿರಿ ಎಂದರು. ಅಷ್ಟು ಹಳೆಯ ಜೀಪಿನ ಸಾಮಾನು ಸಿಗುವುದು ಹಾನುಬಾಳಿನ ಗ್ಯಾರೇಜಿನಲ್ಲಿ ಮಾತ್ರ. ಎಸ್ಟೇಟಿನ ಸ್ಟೋರಿಗೆ ಬೇಕಾದದ್ದನ್ನು ಕೊಳ್ಳಲು ಪೇಟೆಗೆ ಬಂದಿದ್ದ ನಾನು ವಾಪಸು ಹೊರಡಲು ಹತ್ತಿ ಕೂತಿದ್ದೆ.

"ರೈಟ್ರೇ, ಇಳೀರಿ. ಬಸ್ಸಲ್ಲಿ ಬನ್ನಿ."

"ಏರಲ್ಲಿ ನಿಂತ್ಬುಟ್ರೆ ಚಕ್ರಕ್ಕೆ ಕಲ್ಲು ಕೊಡೋರು ಯಾರು ಕಾಕ?"

ಅವರು ಯೋಚಿಸಿದರು. "ಸರಿ, ಕಲ್ಲು ಕೈಯಲ್ಲೇ ಇರ್ಲಿ. ನೆಗೀರಿ ಅಂದ್ರೆ ನೆಗೀಬೇಕು."

ಕೆಟ್ಟು ನಿಂತ ಲಾರಿಯ ಹಿಂದೆ ಸೊಪ್ಪು ಹಾಕುತ್ತಾರಲ್ಲ, ಹಾಗೆ ಅವರು ಮುಂದಿನ ಬಂಪರಿಗೆ ಸಿಲ್ವರ್ ಮರದ ಕೊಂಬೆ ಕಟ್ಟಿದರು. ನೋಡಿದವರಿಗೆ ತಾನಾಗಿಯೇ ಅರ್ಥವಾಗುತ್ತದೆ ಎಂದು ಅವರ ಲೆಕ್ಕ. ಆದದ್ದು ಬೇರೆ. ಮೊದಲ ಸ್ಟಾಪಿನಲ್ಲೇ ಎಸ್ಟೇಟ್ ಲೈನ್‌ಮನೆಗಳ ನಾಲ್ವರು ಹೆಂಗಸರು ಓಡಿ ಬಂದರು.

"ಏನ್ ಕಾಕ, ಮದ್ವೆ ದಿಬ್ಬಣನಾ? ಖಾಲಿ ಐತಲ್ಲ, ನಮ್ಮುನ್ನೂ ಹತ್ತಿಸ್ಕಳಿ!"

"ಬ್ರೇಕಿಲ್ಲ ಕಣ್ರವ್ವಾ!"

"ನಿಮ್ ಜೀಪಿಗೆ ಯಾವತ್ತಿತ್ತು?"

ಕಾಕ ನಕ್ಕು, ಇವತ್ತು ಟ್ರಿಪ್ಪೇ ಇಲ್ಲ ಎಂದು ಅಂಗೈ ಅಡ್ಡಡ್ಡ ಆಡಿಸಿದರು. ದಾರಿಯುದ್ದಕ್ಕೂ ಹೀಗೆಯೇ. ಹದಿಮೂರು ಜನರಿಗೆ ಹಾಗೆ ಅಂಗೈ ಆಡಿಸಿದ್ದನ್ನು ನಾನು ಎಣಿಸಿದೆ.

ಆಮೇಲೆ ಇಳಿಜಾರು. ತಿರುವಿನ ಮೋರಿಯ ಪಕ್ಕ ಹಸಿರು ಸೀರೆಯ ಒಬ್ಬ ಅಜ್ಜಿ ನಿಂತಿದ್ದರು. ಹೆಗಲ ಮೇಲೆ ಮಗು, ಮಗುವಿನ ತಲೆಗೆ ಟವೆಲ್. ಅವರು ಕೈ ಎತ್ತಿದರು. ಅದೇ ಹೊತ್ತಿಗೆ ಎದುರಿನಿಂದ ಲಾರಿ ಬಂತು. ಕಾಕನ ಎಡಗೈ ಹ್ಯಾಂಡ್‌ಬ್ರೇಕ್ ಎಳೆಯುತ್ತಿತ್ತು, ಬಲಗೈ ಸ್ಟೇರಿಂಗ್ ಬಿಡುವಂತಿರಲಿಲ್ಲ. ನನ್ನ ಎರಡೂ ಕೈಯಲ್ಲಿ ಕಲ್ಲಿತ್ತು. ಜೀಪು ಅಜ್ಜಿಯನ್ನು ದಾಟಿಹೋಯಿತು. ಕನ್ನಡಿಯಲ್ಲಿ ಅವರ ಕೈ ಇನ್ನೂ ಮೇಲೆಯೇ ಇತ್ತು.

ರಸ್ತೆ ಸಮವಾದ ಕಡೆ ಜೀಪು ನಿಂತಿತು. ನಾನು ಕಲ್ಲು ಕೊಟ್ಟೆ. ಕಾಕ ಇಳಿದು ತಿರುವಿನವರೆಗೆ ಹಿಂದಕ್ಕೆ ನಡೆದರು. ನಾನೂ ಹೋದೆ. ಮೋರಿಯ ಹತ್ತಿರ ಯಾರೂ ಇರಲಿಲ್ಲ. ಅಷ್ಟರಲ್ಲಿ ಒಂದು ಆಟೋ, ಎರಡು ಕಾರು ನಮ್ಮನ್ನು ದಾಟಿ ಹಾನುಬಾಳಿನ ಕಡೆಗೆ ಹೋಗಿದ್ದವು.

"ಮಗು ನಿದ್ದೆಲಿತ್ತಾ, ಹುಷಾರಿರ್ಲಿಲ್ವಾ ರೈಟ್ರೇ?"

"ಗೊತ್ತಾಗ್ಲಿಲ್ಲ ಕಾಕ."

ಆ ದಾರಿಯ ಪ್ರತಿ ಮನೆಯವರನ್ನು ಬಲ್ಲ ಅವರಿಗೆ ಆ ಅಜ್ಜಿ ಯಾರೆಂದು ತಿಳಿಯಲಿಲ್ಲ. ಗ್ಯಾರೇಜಿನಲ್ಲಿ ಜೀಪು ಬಿಟ್ಟವರೇ ಹಾನುಬಾಳಿನ ಆಸ್ಪತ್ರೆಗೆ ಹೋಗಿ ವಿಚಾರಿಸಿದರು. ಅಂಥವರು ಯಾರೂ ಬಂದಿರಲಿಲ್ಲ.

ಮುಂದಿನ ವಾರ ಜೀಪು ಪಾಸಾಯಿತು. ಅಂದಿನಿಂದ ಪ್ರತಿ ಟ್ರಿಪ್ಪಿನಲ್ಲೂ ಅವರು ಆ ತಿರುವಿನಲ್ಲಿ ನಿಲ್ಲಿಸುತ್ತಿದ್ದರು. ಹಿಂದೆ ಕೂತವರಿಗೆ ಅದು ತಮಾಷೆ.

"ಯಾರವ್ರೆ ಕಾಕ ಇಲ್ಲಿ, ದೆವ್ವನಾ?"

"ಒಬ್ರು ನಿಂತಿದ್ರು ಮಾರಾಯ."

ಅಷ್ಟು ಹೇಳಿ ಗೇರ್ ಹಾಕುತ್ತಿದ್ದರು.

ಜೂನ್‌ನಲ್ಲಿ ಎದೆನೋವು ಬಂದು ಜೀಪು ಓಡಿಸುವುದು ನಿಂತಿತು. ಆಗಸ್ಟ್ ಮೂರರ ಭಾನುವಾರ ನಾನು ಕಾಕನ ಮನೆಗೆ ಹೋದಾಗ ಅವರ ಬಲಗೈ ಹೊದಿಕೆಯ ಮೇಲಿತ್ತು. ಎರಡು ತಿಂಗಳು ಬಿಸಿಲು ಕಾಣದೆ ಅದು ಎಡಗೈಯ ಬಣ್ಣಕ್ಕೆ ತಿರುಗತೊಡಗಿತ್ತು.

"ತಿರುವಲ್ಲಿ ಯಾರಾದ್ರೂ ಇದ್ರಾ?" ಎಂದು ಕೇಳಿದರು.

"ಇಲ್ಲ ಕಾಕ."

ಬುಧವಾರ ಬೆಳಿಗ್ಗೆ ಅವರು ತೀರಿಕೊಂಡರು.

ಸಕಲೇಶಪುರ–ಹಾನುಬಾಳು ರಸ್ತೆಯಲ್ಲಿ ಫೆಬ್ರವರಿ ಹನ್ನೊಂದರ ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಮಗುವನ್ನು ಎತ್ತಿಕೊಂಡು ನಿಂತಿದ್ದ ಹಸಿರು ಸೀರೆಯ ಅಜ್ಜಿಯನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ಮಗು ಹೇಗಿದೆ ಎಂದು ನನಗೆ ಬರೆಯಿರಿ. ಅಜ್ಜಿಗೂ ಒಂದು ಮಾತು ತಿಳಿಸಿ. ಸೊಪ್ಪು ಕಟ್ಟಿದ್ದ ಆ ಜೀಪು ಖಾಲಿಯಿತ್ತು, ನಿಜ. ಆದರೆ ಅದಕ್ಕೆ ಬ್ರೇಕ್ ಇರಲಿಲ್ಲ. ಕಾಕ ಅವರನ್ನು ನೋಡಿದ್ದರು.