ಇದ್ದ ಒಂದೇ ಗಾಜಿನ ಲೋಟ

ಆಗಿನ್ನೂ ಬ್ರಿಟಿಷರ ಆಳ್ವಿಕೆ. ಕೊಳೆತ ಮರದ ಮೇಲೆ ಬೆಳೆಯುವ ಅಣಬೆಗಳನ್ನು ಗುರುತಿಸುವ ಕೆಲಸಕ್ಕೆ ನನ್ನನ್ನು ಜೊಯಿಡಾ ಕಾಡಿನ ಒಂದು ಗುಡಿಸಲಿಗೆ ಹಾಕಿದ್ದರು. ಮನುಷ್ಯರ ಮುಖ ಕಾಣುತ್ತಿದ್ದದ್ದು ವಾರಕ್ಕೊಮ್ಮೆ, ಹಳಿಯಾಳದ ಹುಸೇನಸಾಬ ಚಕ್ಕಡಿಯಲ್ಲಿ ಅಕ್ಕಿ, ಸೀಮೆಎಣ್ಣೆ ತಂದಾಗ.

ಬಹಳ ಹುಡುಕಿದ ಮೇಲೆ ಬಟ್ಟಲಿನಂಥ ಕೆಂಪು ಅಣಬೆಯೊಂದು ಸಿಕ್ಕಿತ್ತು. ಅದರ ಒಳಮೈಯಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ಚೀಲಗಳಿರುತ್ತವೆ; ಒಂದೊಂದರಲ್ಲೂ ಎಂಟು ಬೀಜಕಣ. ತುಂಬಿದ ಚೀಲ ನೋಡದೆ ಅಣಬೆಯ ಹೆಸರು ಹೇಳಲಾಗದು. ಗುಡಿಸಲಿಗೆ ತಂದು, ಗಾಳಿ ತಾಗದಿರಲೆಂದು ಅದರ ಮೇಲೆ ಲೋಟ ಬೋರಲು ಹಾಕಿದ್ದೆ.

ಹುಸೇನಸಾಬ ಚಹಾ ಕಾಸಿ, ಆ ಲೋಟ ಎತ್ತಿದ. ಅಣಬೆ ಸುಯ್ ಎಂದು ಹೊಗೆಯಂಥದ್ದನ್ನು ಬಿಟ್ಟಿತು. ತುಂಬಿದ್ದ ಚೀಲಗಳೆಲ್ಲ ಒಡೆದು ಖಾಲಿಯಾದವು.

"ಕೈ ಯಾಕ ಹಚ್ಚಿದಿ?" ಎಂದು ಗದರಿದೆ.

"ನಿಮಗ ಚಾ ಕೊಡಾಕ್ರಿ ಸಾಹೇಬ್ರ. ಲೋಟ ಅದೊಂದ ಐತಿ," ಎಂದ. "ಅಂತೂ ಮಾತಾಡಿದ್ರಲ್ಲ. ಹೋದ ವಾರ ಹೂಂ ಅನ್ನಲಿಲ್ಲ ನೀವು. ಮುಚ್ಚಿದ್ದು ತೆಗದ್ರ ಅಣಬಿನೂ ಉಸರ ಬಿಡತೈತಿ."

ಚಹಾ ಕುಡಿದೆ. ಅವನು ಡಬ್ಬಿಯ ಮುಚ್ಚಳದಲ್ಲಿ ಕುಡಿದ.

ಚಕ್ಕಡಿ ಹೊರಟಾಗ, ಬರುವ ವಾರ ಇನ್ನೆರಡು ಲೋಟ ತಾ ಎಂದೆ.

"ಎರಡು ಯಾಕ್ರಿ?"

ಅವನು ಕುಡಿದಿಟ್ಟ ಮುಚ್ಚಳ ಒರೆಸುತ್ತ, ಎರಡೂ ಅಣಬೆಗೇ ಎಂದೆ.