ನಮ್ಮನೆಯವರು ಹಾಡಿದ ದಿನ

ನಮ್ಮನೆಯವರಿಗೆ ನುಡಿಸಲು ಬಾರದ ವಾದ್ಯವಿಲ್ಲ. ಕೀಬೋರ್ಡು, ಕೊಳಲು, ಕ್ಲಾರಿನೆಟ್, ಪಿಟೀಲು, ತಬಲ, ಮ್ಯಾಂಡೊಲಿನ್. ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಬೀರುವಿನ ಮೇಲೆ, ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆಯೂ ಯಾವುದಾದರೊಂದು ವಾದ್ಯ ಮಲಗಿರುತ್ತದೆ. ಕೆಳಗಿನ ಮನೆಯ ಓನರಮ್ಮ ಮೊದಮೊದಲು ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, "ದಿನಾ ಅಷ್ಟೊಂದು ಜನ ಬರ್ತಾರಲ್ಲಮ್ಮ, ನೀರಿಗೆ ಹೆಂಗ್ಮಾಡ್ತೀರ?" ಅಂತ ಕೇಳಿದ್ದರು. ಎಲ್ಲವನ್ನೂ ನುಡಿಸೋದು ಒಬ್ಬರೇ ಅಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಒಂದು ಮಧ್ಯಾಹ್ನ ಮೇಲೆ ಹತ್ತಿ ಬಂದು, ಬಾಗಿಲ ಹಿಂದೆಲ್ಲ ನೋಡಿಕೊಂಡು ಹೋದರು.

ತುಮಕೂರಿನ ಒಂದು ಆರ್ಕೆಸ್ಟ್ರಾದಲ್ಲಿ ಇವರು ಬದಲಿ ಆಟಗಾರ ಇದ್ದ ಹಾಗೆ. ತಬಲದವನ ಮನೇಲಿ ನಾಮಕರಣವಿದ್ದರೆ ತಬಲ, ಕೀಬೋರ್ಡಿನವನಿಗೆ ಜ್ವರ ಬಂದರೆ ಕೀಬೋರ್ಡು. ಯಾರು ಕೈಕೊಡುತ್ತಾರೋ ಗೊತ್ತಿಲ್ಲವಾದ್ದರಿಂದ ಎಲ್ಲವನ್ನೂ ಹೊತ್ತುಕೊಂಡೇ ಹೋಗುತ್ತಾರೆ.

ಅವತ್ತು ಕುಣಿಗಲ್‌ನಲ್ಲಿ ನಮ್ಮ ದೂರದ ನೆಂಟರ ಹುಡುಗಿಯ ರಿಸೆಪ್ಷನ್. ಅಲ್ಲಿ ಇವರ ಆರ್ಕೆಸ್ಟ್ರಾದ್ದೇ ಕಾರ್ಯಕ್ರಮ, ನಾನೂ ಹೊರಟೆ. ಛತ್ರಕ್ಕೆ ಹೋಗಿ ನೋಡಿದರೆ ವಾದ್ಯದವರೆಲ್ಲ ಬಂದು ಕೂತಿದ್ದಾರೆ! ಇವರ ಮುಖ ಸಪ್ಪಗಾಯಿತು. "ಬರೀ ಊಟಕ್ಕೆ ಬಂದಂಗಾಯ್ತಲ್ಲೇ" ಅಂದರು. ಅಷ್ಟರಲ್ಲಿ ಹಾಡೋ ಹುಡುಗನ ಕಡೆಯಿಂದ ಫೋನು ಬಂತು. ಗಂಟಲು ಕಟ್ಟಿ ಮಾತೇ ಹೊರಡುತ್ತಿಲ್ಲವಂತೆ. ಅದನ್ನು ಹೇಳಿದ್ದೂ ಅವನ ಹೆಂಡತಿ.

ಆರ್ಕೆಸ್ಟ್ರಾದ ಯಜಮಾನರು ಇವರ ಕಡೆ ತಿರುಗಿದರು. "ನೀನೇ ಹಾಡ್ಬುಡೋ."

"ನಂಗೆ ಹಾಡಕ್ಕೆ ಬರಲ್ಲ ಸಾರ್."

"ಸುಮ್ನಿರಯ್ಯ. ಅಷ್ಟೆಲ್ಲ ನುಡಿಸೋನಿಗೆ ಗಂಟಲೇನು ಮಹಾ?"

ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಪೂಜೆ ಹೊತ್ತಿನಲ್ಲಿ ಇವರು ಬಾಯಿಬಿಟ್ಟರೆ ನಾನು ಗಂಟೆ ಜೋರಾಗಿ ಅಲ್ಲಾಡಿಸುತ್ತೇನೆ. ಕೂತಲ್ಲಿಂದಲೇ ಬೇಡ ಬೇಡ ಅಂತ ತಲೆಯಾಡಿಸಿದೆ. ಇವರು ನೋಡಿದರು. ಆದರೆ ಅಷ್ಟರಲ್ಲಿ ಮೈಕು ಕೈಗೆ ಬಂದಾಗಿತ್ತು.

ಮೊದಲ ಸಾಲಿಗೇ ಕೀಬೋರ್ಡಿನವನು ತಡಬಡಾಯಿಸಿ ಶ್ರುತಿ ಬದಲಿಸಿದ. ಮುಂದಿನ ಸಾಲಿಗೆ ಮತ್ತೆ ಬದಲಿಸಿದ. ಬೇರೆಯವರ ಅಪಸ್ವರವನ್ನು ಬೀದಿಯ ಆ ತುದಿಯಿಂದಲೇ ಹಿಡಿಯುವ ಮನುಷ್ಯನಿಗೆ ತನ್ನದು ಕೇಳಿಸದೆ ಇರುತ್ತದೆಯೇ? ಹಾಡು ನಿಲ್ಲಿಸಿ, ಅಭ್ಯಾಸಬಲದಿಂದ ಮೈಕಿನಲ್ಲೇ ಗದರಿದರು: "ಯಾರ್ರೀ ಅದು? ಶ್ರುತಿ ತಪ್ತಾ ಇದೆ!"

ಛತ್ರಕ್ಕೆ ಛತ್ರವೇ ನಕ್ಕಿತು. ನಾನೂ ನಕ್ಕುಬಿಟ್ಟೆ. ಹಿಂದೆಯೇ ಸಂಕಟವೂ ಆಯಿತು. ಇವರ ಕಿವಿ ಕೆಂಪಾದದ್ದು ನನಗೆ ಅಷ್ಟು ದೂರಕ್ಕೂ ಕಾಣುತ್ತಿತ್ತು.

ಆಗ ಮುಂದಿನ ಸಾಲಿನಿಂದ ಎದ್ದವರು ಮದುಮಗಳ ಅಜ್ಜಿ, ಹಾಗಲವಾಡಿಯವರು. ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿ, "ಕೊಡಪ್ಪ ಇತ್ಲಾಗೆ. ನಮ್ ಮಗೀಗೆ ನಾನೇ ಒಂದು ಸೋಬಾನೆ ಹೇಳ್ತೀನಿ" ಅಂತ ಮೈಕು ಕಿತ್ತುಕೊಂಡರು.

ಗಟ್ಟಿ ಕಂಠ. ಆದರೆ ಅಜ್ಜಿಯ ಶ್ರುತಿ ಕೀಬೋರ್ಡಿನಲ್ಲಿ ಒತ್ತುವ ಎರಡು ಮನೆಗಳ ನಡುವೆ ಎಲ್ಲೋ ಇತ್ತು. ಕೀಬೋರ್ಡಿನವನು ಕೈಕಟ್ಟಿ ಕೂತ. ಇವರು ಕೊಳಲು ತೆಗೆದರು, ಕೂಡಲಿಲ್ಲ. ಇನ್ನೊಂದು ಕೊಳಲು, ಅದೂ ಇಲ್ಲ. ಮ್ಯಾಂಡೊಲಿನ್‌ನ ಬಿರಡೆ ತಿರುಗಿಸಿ ಶ್ರುತಿ ಮಾಡುವಷ್ಟರಲ್ಲಿ ಅಜ್ಜಿ ಹುರುಪಿಗೆ ಇನ್ನೂ ಮೇಲೇರಿದ್ದರು. ಇವರು ಚೀಲದಿಂದ ಚೀಲಕ್ಕೆ ಓಡಾಡುವುದನ್ನು ನೋಡಿ ನನ್ನ ಪಕ್ಕದ ಹೆಂಗಸು, "ಪಾಪ, ಏನೋ ಕಳ್ಕೊಂಡವ್ರೆ" ಅಂದಳು.

ಕೊನೆಗೆ ಪಿಟೀಲು. ಅದರಲ್ಲಿ ಮನೆಯೂ ಇಲ್ಲ, ತೂತೂ ಇಲ್ಲ. ಬೆರಳು ಜಾರಿಸಿ ಎಲ್ಲಿ ಬೇಕಾದರೂ ನಿಲ್ಲಬಹುದು. ಅಜ್ಜಿ ಹತ್ತಿದರೆ ಹತ್ತಿ, ಇಳಿದರೆ ಇಳಿದು, ಉಸಿರಿಗೆ ನಿಂತರೆ ತಾವೂ ನಿಂತು ಹಿಂದೆ ಹಿಂದೆ ಹೋದರು. ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಊಟದ ಪಂಕ್ತಿಯಿಂದ ಜನ ಎಂಜಲು ಕೈಯಲ್ಲೇ ಎದ್ದು ಬಂದು ನಿಂತರು. ಇವರು ಕಣ್ಣು ಮುಚ್ಚಿಕೊಂಡಿದ್ದರು. ಅಷ್ಟು ಚೆನ್ನಾಗಿ ನುಡಿಸಿದ್ದನ್ನು ನಾನು ಮನೆಯಲ್ಲೂ ಕೇಳಿರಲಿಲ್ಲ.

ಮುಗಿದ ಮೇಲೆ ಅಜ್ಜಿ ಇವರ ಬೆನ್ನು ತಟ್ಟಿ, "ಹಾಡೋದು ಬುಟ್ಬುಡು ಮಗ. ಇದೇನೋ ಉಜ್ತೀಯಲ್ಲ, ಇದು ವಾಸಿ" ಅಂದರು. ಇವರು ಕಾಲಿಗೆ ಬಿದ್ದರು.

ಮುಂದಿನ ವಾರ ಗುಬ್ಬಿ ಹತ್ತಿರದ ಕಡಬದಿಂದ ಫೋನು ಬಂತು. ನಾನೇ ಎತ್ತಿದೆ. ಅವರ ಮನೆ ಮದುವೆಗೂ ಇವರೇ ಬರಬೇಕಂತೆ.

"ನಮ್ಮನೆಯವರು ಪಿಟೀಲೇ ತರ್ಬೇಕಾ?" ಅಂತ ಹೆಮ್ಮೆಯಿಂದ ಕೇಳಿದೆ.

"ಅದು ನಿಮ್ಮಿಷ್ಟ ಕಣಮ್ಮ," ಅಂದ ಆ ಕಡೆಯವನು, "ಆ ಅಜ್ಜೀನ ಮಾತ್ರ ಮರೀದೆ ಕರ್ಕೊಂಬರ್ಬೇಕು."

ಅಜ್ಜಿ ಒಪ್ಪಿದರು. ಇವರು ಗುಬ್ಬಿ ಬಸ್‌ಸ್ಟ್ಯಾಂಡಿಗೆ ಹೋಗಿ, ಹಾಗಲವಾಡಿಯಿಂದ ಬಸ್ಸಿನಲ್ಲಿ ಬಂದಿಳಿದ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಕಡಬ ಮುಟ್ಟುವವರೆಗೂ ಅಜ್ಜಿ ಹಿಂದೆ ಹಾಡುತ್ತಲೇ ಇದ್ದರಂತೆ.